ಪಾತ್ರೆಯಲ್ಲಿ ಉಳಿದದ್ದು

ನಾನು ಪುಕ್ಕಲು ಹೆಂಗಸು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಓದುವವರಿಗೆ ಸಲೀಸು. ಜಿರಲೆಗೆ ಹೆದರುವುದಿಲ್ಲ, ಹಾವಿಗೂ ಅಷ್ಟೇನಿಲ್ಲ. ನಾನು ಹೆದರುವುದು ಜನರ ಮುಖ ಬದಲಾಗುವುದಕ್ಕೆ. ನಗುತ್ತ ಮಾತಾಡುತ್ತಿದ್ದವರು ಏನೋ ಒಂದು ಸುದ್ದಿ ಕೇಳಿ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರಲ್ಲ, ಆ ಅರ್ಧ ಹೆಜ್ಜೆಗೆ. ಎಪ್ಪತ್ತರ ದಶಕದಲ್ಲಿ ನನಗೆ ಟಿ.ಬಿ. ಬಂದಾಗ ಸಾವಿಗಿಂತ ಹೆಚ್ಚಾಗಿ ಅದಕ್ಕೇ ಹೆದರಿದೆ. ಗುಣವಾಗಿ ಎಷ್ಟೋ ವರ್ಷಗಳಾದವು. ಈಗಲೂ ಆಸ್ಪತ್ರೆಯ ಬೆಂಚಿನ ಮೇಲೆ ಯಾರಾದರೂ ಗುರುತು ಸಿಗದ ಹಾಗೆ ಸೆರಗು ಹೊದ್ದು ಕೂತಿದ್ದರೆ ಅವರಲ್ಲಿ ನನ್ನನ್ನೇ ಕಾಣುತ್ತೇನೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ಅದು ಓದುತ್ತ ನಿಮಗೇ ತಿಳಿಯುತ್ತದೆ.

ನಮ್ಮ ಮನೆ ಹೊಸಪೇಟೆಯಲ್ಲಿ, ಸ್ಟೇಷನ್ ಕಡೆಯ ಓಣಿಯಲ್ಲಿ. ನನ್ನ ಗಂಡ ದಾನಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಮಗಳು ಶಾಂತಾ ಆಗ ಎರಡನೇ ಇಯತ್ತೆ. ನಾನು ಮನೆಯಲ್ಲೇ ಮಷೀನು ಇಟ್ಟುಕೊಂಡು ಕುಪ್ಪಸ ಹೊಲಿಯುತ್ತಿದ್ದೆ. ಕಾಲುವೆ ನೀರು ಹರಿದು, ಕಬ್ಬು ಭತ್ತ ಬೆಳೆದು, ಊರಿನಲ್ಲಿ ನಾಲ್ಕು ಕಾಸು ಓಡಾಡುತ್ತಿದ್ದ ಕಾಲ. ಅಕ್ಕಿ ಗಿರಣಿಯವರ ಮನೆಯ ಹೆಣ್ಣುಮಕ್ಕಳು ಒಂದೊಂದು ಮದುವೆಗೂ ಹೊಸ ಕುಪ್ಪಸ ಹೊಲಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ನಾನು ನಮ್ಮ ಚರ್ಚಿನ ಸಂಡೆಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ನನ್ನ ಪಾಠ ಯಾವಾಗಲೂ ಒಂದೇ. ನಮ್ಮ ನಂಬಿಕೆಯ ಗಿಡಕ್ಕೆ ಬೇರು ಯಾವುದು ಎಂದು ನಾನು ಕೇಳಬೇಕು, "ಪ್ರೀತಿ" ಎಂದು ಮಕ್ಕಳೆಲ್ಲ ಒಂದೇ ಉಸಿರಿಗೆ ಕೂಗಬೇಕು. ನಾನಂತೂ ಆ ವಿಷಯದಲ್ಲಿ ಪಾಸಾದವಳು ಎಂದುಕೊಂಡಿದ್ದೆ.

ಕೆಮ್ಮು ಶುರುವಾದಾಗ ಬಟ್ಟೆಯ ನಾರು ಮೂಗಿಗೆ ಹೋಗಿರಬೇಕು ಎಂದುಕೊಂಡೆ. ಆಮೇಲೆ ಕಾರ್ಖಾನೆಯ ಹೊಗೆಯ ಮೇಲೆ ಹಾಕಿದೆ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಬಳೆಗಳು ಮೊಳಕೈತನಕ ಜಾರುತ್ತಿದ್ದವು. ಒಂದು ದಿನ ಗಿರಣಿಯವರ ಸೊಸೆಯ ಕುಪ್ಪಸಕ್ಕೆ ಬಿಳಿ ಅಸ್ತರು ಕತ್ತರಿಸುತ್ತಿದ್ದಾಗ ಕೆಮ್ಮು ಬಂತು. ನೋಡಿದರೆ ಅಸ್ತರಿನ ಮೇಲೆ ಕೆಂಪು ಚುಕ್ಕೆ. ನಾನು ಏನು ಮಾಡಿದೆ ಗೊತ್ತೇ? ಚುಕ್ಕೆ ಇದ್ದಷ್ಟು ಬಟ್ಟೆಯನ್ನು ಕತ್ತರಿಸಿ ಒಲೆಗೆ ಹಾಕಿದೆ. ಬೇರೆ ಅಸ್ತರು ತೆಗೆದುಕೊಂಡು ಮತ್ತೆ ಮೊದಲಿಂದ ಅಳತೆ ಹಾಕಿದೆ. ನನ್ನ ಎದೆಯಲ್ಲಿ ಏನಾಗಿದೆ ಎಂಬ ಯೋಚನೆ ಬಂದದ್ದು ಕುಪ್ಪಸ ಮುಗಿದ ಮೇಲೆ.

ಸರಕಾರಿ ಆಸ್ಪತ್ರೆಯಲ್ಲಿ ಕಫ ತೆಗೆದುಕೊಂಡರು, ಎದೆಯ ಫೋಟೋ ತೆಗೆದರು. ಡಾಕ್ಟರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಎಡಗಡೆ ಮ್ಯಾಲ ಐತಿ ನೋಡ್ರಿ. ಟಿ.ಬಿ. ಗಾಬರಿ ಬ್ಯಾಡ, ವಾಸಿ ಆಗ್ತೈತಿ. ಆದ್ರ ದಿನಾ ಬಂದು ಸೂಜಿ ಹಾಕಿಸ್ಕೋಬೇಕು. ನಡುವ ಬಿಟ್ರ ಮುಂದ ಔಷಧನ ಹತ್ತಂಗಿಲ್ಲ," ಎಂದರು.

ನಾನು ಕೇಳಿದ ಮೊದಲ ಪ್ರಶ್ನೆ, "ಯಾರಿಗಾರ ಹೇಳ್ತೀರೇನ್ರಿ?"

"ನಾ ಯಾಕ ಹೇಳ್ಲಿ? ಹೇಳೋದು ನಿಮ್ಮ ಕೆಲಸ. ಮನ್ಯಾಗಿನೋರಿಗೆ, ಜೋಡಿ ಕುಂದ್ರೋರಿಗೆ, ಎಲ್ಲಾರಿಗೂ ಹೇಳ್ರಿ. ಅವರೂ ಎದಿ ತೋರಿಸ್ಕೊಳ್ಳಲಿ."

ಮನೆಗೆ ಬಂದು ದಾನಪ್ಪನಿಗೆ ಹೇಳಿದೆ. ಅವರು ಎದ್ದು ಬೀದಿ ಬಾಗಿಲು ಮುಂದೆ ಮಾಡಿದರು. ಆಮೇಲೆ, "ಯಾರಿಗೂ ಹೇಳಬ್ಯಾಡ, ಕರುಣಾ. ಸಭೆಯೋರಿಗಂತೂ ಬ್ಯಾಡೇ ಬ್ಯಾಡ," ಎಂದರು. ಸಭೆ ಎಂದರೆ ನಮ್ಮ ಚರ್ಚಿನ ಜನ. ನನ್ನ ಗಂಡ ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಹಿಂದೆ ರೈಲ್ವೆಯ ಗ್ಯಾಂಗ್‌ಮನ್ ಒಬ್ಬನಿಗೆ ಇದೇ ರೋಗ ಬಂದಿತ್ತು. ಸಭೆಯವರು ಅವನಿಗಾಗಿ ಕಣ್ಣೀರಿಟ್ಟು ಪ್ರಾರ್ಥನೆ ಮಾಡಿದರು. ಆದರೆ ಅವನು ಕೂತ ಚಾಪೆಯ ಮೇಲೆ ಇನ್ನೊಬ್ಬರು ಕೂರಲಿಲ್ಲ. ನಾನೂ ಕೂರಲಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ಸೂಜಿ ಹಾಕುವ ಖೋಲಿಯ ಬೆಂಚು ರಸ್ತೆಗೆ ಎದುರಾಗಿತ್ತು. ಸಂತೆಗೆ ಹೋಗುವವರು, ಬಸ್ ಸ್ಟ್ಯಾಂಡಿಗೆ ಹೋಗುವವರು ಎಲ್ಲರಿಗೂ ಕಾಣುವ ಹಾಗೆ. ಅದಕ್ಕೆ ಚೀಟಿ ಹಿಡಿದುಕೊಂಡು ಕಂಪ್ಲಿಗೆ ಹೋಗಿ ಅಲ್ಲಿ ಸೂಜಿ ಹಾಕಿಸಿಕೊಳ್ಳತೊಡಗಿದೆ. ಅಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ. ದಿನಾ ಹೋಗಬೇಕಾದ್ದು ವಾರಕ್ಕೆ ಮೂರು ದಿನ ಆಯಿತು, ಮಷೀನಿನ ಕೆಲಸ ಹೆಚ್ಚಿದ್ದರೆ ಎರಡೇ ದಿನ. ಬಸ್ಸಿನಲ್ಲಿ ಕಿಟಕಿ ಪಕ್ಕ ಮುಖ ಹೊರಗೆ ಹಾಕಿ ಕೂರುತ್ತಿದ್ದೆ. ದಾರಿಯುದ್ದಕ್ಕೂ ಹಸಿರು ಗದ್ದೆ, ತುಂಬಿದ ಕಾಲುವೆ, ಬಾಳೆ ತೋಟ. ಅದನ್ನೆಲ್ಲ ನೋಡಿದ ನೆನಪೇ ನನಗಿಲ್ಲ. ಕೆಮ್ಮು ಬಾರದಿರಲಿ ಎಂದು ಉಸಿರು ಬಿಗಿಹಿಡಿದದ್ದು ಮಾತ್ರ ನೆನಪಿದೆ. ಸೂಜಿ ಹಾಕಿದ ಮೇಲೆ ತುಟಿಯ ಸುತ್ತ ಜುಮ್ಮೆನ್ನುತ್ತಿತ್ತು.

ಮನೆಯಲ್ಲಿ ನನ್ನ ತಟ್ಟೆ ಲೋಟ ಬೇರೆ ಮಾಡಿಕೊಂಡೆ. ಶಾಂತಾಳ ಎದೆಯ ಫೋಟೋ ತೆಗೆಸಿದ್ದಾಯಿತು, ದೇವರ ದಯೆ, ಏನೂ ಇರಲಿಲ್ಲ. ಅವಳು ಶಾಲೆಯಿಂದ ಬಂದವಳೇ ತೊಡೆ ಏರಲು ಓಡಿಬರುವಳು, ನಾನು ಗದರಿ ದೂಡುವೆ. ಒಂದು ದಿನ ಹೊಸಿಲ ಮೇಲೆ ನಿಂತು, "ಅವ್ವಾ, ನಾ ಏನು ತಪ್ಪು ಮಾಡೀನಿ?" ಎಂದು ಕೇಳಿದಳು. ನಾನು ಮಷೀನು ತುಳಿದೆ.

ಇನ್ನು ದೊಡ್ಡ ಭಯವೆಂದರೆ ತಿಂಗಳ ಮೊದಲ ಭಾನುವಾರ. ಅಂದು ನಮ್ಮಲ್ಲಿ ಕರ್ತನ ಭೋಜನ, ಯೇಸುವಿನ ಕೊನೆಯ ಊಟದ ನೆನಪು. ಗಂಡಸರು ಮೊದಲು, ಹೆಂಗಸರು ಆಮೇಲೆ, ಸಾಲಾಗಿ ವೇದಿಕೆಗೆ ಅಡ್ಡವಾದ ಮರದ ಕಟಾಂಜನದ ಮುಂದೆ ಮೊಣಕಾಲೂರುತ್ತೇವೆ. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ರೊಟ್ಟಿಯ ಚೂರು ಕೊಟ್ಟು, ದ್ರಾಕ್ಷಾರಸದ ಪಾತ್ರೆಯನ್ನು ಒಬ್ಬೊಬ್ಬರ ತುಟಿಗೆ ಹಿಡಿಯುತ್ತಾರೆ. ಇಡೀ ಸಭೆಗೆ ಒಂದೇ ಪಾತ್ರೆ. ಒಬ್ಬರು ಕುಡಿದ ಮೇಲೆ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ ಮುಂದಿನವರಿಗೆ. ಹೋಗದೆ ಕೂತರೆ ಹತ್ತು ಪ್ರಶ್ನೆ ಏಳುತ್ತವೆ: ಯಾರ ಜೊತೆ ಮಾತು ಬಿಟ್ಟಿದ್ದಾಳೆ, ಯಾವ ಪಾಪ ಮುಚ್ಚಿಟ್ಟಿದ್ದಾಳೆ. ಹೋದರೆ ನನ್ನ ತುಟಿ ಮುಟ್ಟಿದ್ದನ್ನು ಇನ್ನೊಬ್ಬರು ಮುಟ್ಟಬೇಕು.

ಯೋಚಿಸಿ ಯೋಚಿಸಿ ಒಂದು ಉಪಾಯ ಕಂಡುಕೊಂಡೆ. ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಕೊನೆಗೆ ಹೋಗುವುದು. ನನ್ನ ನಂತರ ಕುಡಿಯುವವರು ಯಾರೂ ಇಲ್ಲ, ಯಾರಿಗೂ ತೊಂದರೆಯಿಲ್ಲ. ಮುದುಕಿಯರನ್ನು, ಬಸುರಿಯರನ್ನು "ನೀವು ಮೊದಲ ಹೋಗ್ರಿ" ಎಂದು ಮುಂದೆ ಬಿಟ್ಟು ನಾನು ಹಿಂದೆ ಉಳಿಯುತ್ತಿದ್ದೆ. ಎಷ್ಟು ನಮ್ರತೆ ಇವಳದು ಎಂದು ಒಬ್ಬಿಬ್ಬರು ಹೊಗಳಿದರು. ನಾನೂ ಒಳಗೊಳಗೇ ಬೀಗಿದೆ. ಹೇಳದೆಯೇ ಎಲ್ಲರನ್ನೂ ಕಾಪಾಡುತ್ತಿದ್ದೇನೆ, ಇದೇ ಅಲ್ಲವೇ ಪ್ರೀತಿ ಎಂದುಕೊಂಡೆ. ಐದು ತಿಂಗಳು ಹೀಗೇ ನಡೆಯಿತು.

ಭೋಜನ ತೆಗೆದುಕೊಂಡು ಬಂದವರು ತಮ್ಮ ಜಾಗದಲ್ಲಿ ತಲೆ ತಗ್ಗಿಸಿ ಕಣ್ಣು ಮುಚ್ಚಬೇಕು, ಅಯ್ಯನವರು ಮುಂದಿನ ಪ್ರಾರ್ಥನೆ ಎತ್ತುವವರೆಗೆ ತೆರೆಯಬಾರದು. ಚಿಕ್ಕಂದಿನಿಂದ ಬಂದ ರೂಢಿ. ಐದನೆಯ ತಿಂಗಳು ಹಾಗೆ ಕೂತಿದ್ದಾಗ ನನಗೆ ಕೆಮ್ಮು ಒತ್ತಿ ಬಂತು. ಸೆರಗು ಬಾಯಿಗೆ ತುರುಕಿಕೊಂಡು ಕಣ್ಣು ಬಿಟ್ಟೆ. ಎಲ್ಲರ ತಲೆಯೂ ತಗ್ಗಿತ್ತು. ಎದುರಿಗೆ ಅಯ್ಯನವರು ನಮಗೆ ಬೆನ್ನು ಮಾಡಿ ನಿಂತಿದ್ದರು. ಅವರು ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ, ಅದರಲ್ಲಿ ಉಳಿದಿದ್ದನ್ನು ಕುಡಿದರು. ಸ್ವಲ್ಪ ನೀರು ಹಾಕಿ, ಅಲುಗಿಸಿ, ಅದನ್ನೂ ಕುಡಿದರು. ಆಮೇಲೆ ಪಾತ್ರೆ ಒರೆಸಿ ಮುಚ್ಚಿಟ್ಟರು. ಆಶೀರ್ವದಿಸಿದ ರಸವನ್ನು ಚೆಲ್ಲುವ ಹಾಗಿಲ್ಲ, ಉಳಿದದ್ದು ಪಾದ್ರಿಗಳ ಪಾಲು. ಕ್ರೈಸ್ತರ ಮನೆಯಲ್ಲಿ ಹುಟ್ಟಿ ಮೂವತ್ತೆರಡು ವರ್ಷವಾಗಿದ್ದರೂ ನನಗೆ ಅದು ಗೊತ್ತಿರಲಿಲ್ಲ, ಏಕೆಂದರೆ ಹೇಳಿಕೊಟ್ಟಂತೆ ಕಣ್ಣು ಮುಚ್ಚಿದವಳು ನಾನು.

ನನ್ನ ನಂತರ ಕುಡಿಯುವವರು ಒಬ್ಬರಿದ್ದರು. ತಪ್ಪದೆ, ಪ್ರತಿ ತಿಂಗಳೂ.

ಆವತ್ತಿನಿಂದ ನನ್ನ ಕಿವಿಯೆಲ್ಲ ಅಯ್ಯನವರ ಗಂಟಲಿನ ಮೇಲೆ. ಅವರಿಗೆ ಅರವತ್ತು ಹತ್ತಿರ. ಸೈಕಲ್ ಮೇಲೆ ಗಾದಿಗನೂರು, ಅಣೆಕಟ್ಟಿನ ಒಡ್ಡಿನ ಕಡೆ ಎಲ್ಲ ಮನೆಪ್ರಾರ್ಥನೆಗೆ ಹೋಗಿಬರುವವರು. ಎರಡು ವಾರ ಏನೂ ಇಲ್ಲ. ಮೂರನೆಯ ಭಾನುವಾರ ಉಪದೇಶದ ನಡುವೆ ಎರಡು ಸಲ ಕೆಮ್ಮಿದರು. ನಾಲ್ಕನೆಯ ಭಾನುವಾರ ಲೆಕ್ಕವಿಡಲಾಗಲಿಲ್ಲ. ಆ ತಿಂಗಳಿಗೆ ಐದು ಭಾನುವಾರ, ಮುಂದಿನ ಭೋಜನಕ್ಕೆ ಇನ್ನೂ ಎರಡು ವಾರವಿತ್ತು. ಊಟ ಸೇರಲಿಲ್ಲ. ಧೂಳಿಗೆ ಬಂದ ಕೆಮ್ಮು ಇರಬಹುದು ಎಂದು ಒಂದು ಮನಸ್ಸು. ನೀನೂ ಮೊದಲು ಹಾಗೇ ಅಂದುಕೊಂಡಿದ್ದೆಯಲ್ಲ ಎಂದು ಇನ್ನೊಂದು. ಹೇಳಿದರೆ ನನ್ನ ಬದುಕು ಬೀದಿಗೆ ಬೀಳುತ್ತದೆ, ಹೇಳದಿದ್ದರೆ ಅವರ ಜೀವ ಹೋಗುತ್ತದೆ. ಇಷ್ಟು ಸ್ಪಷ್ಟವಾಗಿದ್ದರೂ ನಾನು ಮತ್ತೆ ಎಂಟು ದಿನ ಸುಮ್ಮನಿದ್ದೆ. ಅದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಒಂಬತ್ತನೆಯ ದಿನ ಬೆಳಿಗ್ಗೆ ಚರ್ಚಿನ ಪಕ್ಕದ ಅವರ ಮನೆಗೆ ಹೋದೆ. ಅಯ್ಯನವರು ಅಂಗಳದಲ್ಲಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಅವರ ಹೆಂಡತಿ, ನಾವೆಲ್ಲ ಅಮ್ಮನವರು ಎನ್ನುವವರು, ಕಟ್ಟೆಯ ಮೇಲೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಟಿ.ಬಿ., ಕಂಪ್ಲಿ, ಭೋಜನಕ್ಕೆ ಕೊನೆಯಲ್ಲಿ ಹೋಗುತ್ತಿದ್ದದ್ದು, ಕಣ್ಣು ಬಿಟ್ಟು ನೋಡಿದ್ದು.

ಅಯ್ಯನವರು ಎಣ್ಣೆಯ ಡಬ್ಬಿ ಹಿಡಿದುಕೊಂಡೇ ನಿಂತರು. ಎಣ್ಣೆ ಅವರ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಅವರು ನನಗೆ ಧೈರ್ಯ ಹೇಳಬಹುದು, ಕ್ಷಮಿಸಿದೆ ಎನ್ನಬಹುದು ಎಂದು ನಾನು ಕಾಯುತ್ತಿದ್ದೆ. ಅವರು ಕಟ್ಟೆಯ ಮೇಲೆ ಕುಸಿದು ಕೂತು, "ನನಗೂ ಹೆದರಿಕಿ ಆಗಾಕತ್ತೈತಿ, ಕರುಣಾ," ಎಂದರು.

ಅಮ್ಮನವರು ಮೊರ ಕೆಳಗಿಟ್ಟರು. "ಎಷ್ಟು ತಿಂಗಳಾತು?"

"ಐದ್ರಿ, ಅಮ್ಮಾರ."

"ಐದು ತಿಂಗಳು ಇವರು ನಿನ್ನ ಎಂಜಲು ಕುಡದಾರ. ನೀ ನೋಡಿಕೋತ ಕುಂತಿ."

"ನನಗ ಗೊತ್ತಿರಲಿಲ್ರಿ."

"ಟಿ.ಬಿ. ಐತಿ ಅಂತ ಗೊತ್ತಿತ್ತಲ್ಲ," ಎಂದು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಯ್ಯನವರು ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು. "ನಾಳೆ ಫೋಟೋ ತೆಗಿಸ್ತೀನಿ. ನೀ ಇನ್ನ ಕಂಪ್ಲಿಗೆ ಹೋಗಬ್ಯಾಡ. ಇಲ್ಲೇ ಬಾ, ದಿನಾ ಬಾ," ಎಂದರು.

ಫೋಟೋದಲ್ಲಿ ಬಲಗಡೆ ಕಲೆ ಇತ್ತು. ಡಾಕ್ಟರು, "ಯಾರಿಂದ ಬಂತು ಅಂತ ಫೋಟೋದಾಗ ಕಾಣಂಗಿಲ್ರಿ. ಪಾತ್ರಿಯಿಂದನ ಬಂತು ಅಂತ ನಾ ಹೇಳಾಂಗಿಲ್ಲ. ಊರಾಗ ಕೆಮ್ಮೋರು ಎಷ್ಟು ಮಂದಿ ಅದಾರ," ಎಂದರು. ನನಗಾಗಿ ಹೇಳಿದ ಮಾತಿರಬಹುದು, ನಿಜವೂ ಇರಬಹುದು. ಅಮ್ಮನವರು ಅದನ್ನು ನಂಬಲಿಲ್ಲ, ನಾನೂ ನಂಬಲಿಲ್ಲ.

ಮುಂದಿನ ಭಾನುವಾರ ಅಯ್ಯನವರು ತಮಗೆ ಟಿ.ಬಿ. ಇದೆ ಎಂದು ಸಭೆಯ ಮುಂದೆ ಹೇಳಿದರು. ಎಲ್ಲರೂ ಎದೆ ತೋರಿಸಿಕೊಳ್ಳಿರಿ, ತಾವು ಗುಣವಾಗುವವರೆಗೆ ಬಳ್ಳಾರಿಯಿಂದ ಬೇರೆ ಅಯ್ಯನವರು ಬಂದು ಭೋಜನ ಕೊಡುತ್ತಾರೆ ಎಂದರು. ನನ್ನ ಹೆಸರು ಎತ್ತಲಿಲ್ಲ. ಆರಾಧನೆ ಮುಗಿದ ಮೇಲೆ ಒಬ್ಬ ಹಿರಿಯರು ಬಾಗಿಲಲ್ಲಿ ಅವರನ್ನು ತಡೆದು, "ಯಾರಿಂದ ಹತ್ತಿದ್ದು ಅಂತ ಏನಾರ ತಿಳೀತೇನ್ರಿ ಅಯ್ಯಾರ?" ಎಂದು ಕೇಳಿದರು. "ಅದು ತಿಳಿದ್ರ ನನ್ನ ಜ್ವರ ಇಳೀತದೇನ್ರಿ?" ಎಂದು ಅಯ್ಯನವರು ನಕ್ಕರು. ಹಿರಿಯರೂ ನಕ್ಕರು, ನಗುತ್ತಲೇ ಅರ್ಧ ಹೆಜ್ಜೆ ಹಿಂದೆ ಸರಿದರು. ನನಗಾಗಬೇಕಾದದ್ದು ಅವರಿಗೆ ಆಗುವುದನ್ನು ನಾನು ಕಂಬದ ಮರೆಯಲ್ಲಿ ನಿಂತು ನೋಡಿದೆ. ನನ್ನ ಗುಟ್ಟು ಆಗಲೂ ನನ್ನಲ್ಲೇ ಇತ್ತು.

ಆಮೇಲೆ ಬೆಂಚು. ದಿನಾ ಹತ್ತು ಗಂಟೆಗೆ ನಾನು ಗುರುತು ಸಿಗದ ಹಾಗೆ ಸೆರಗು ಹೊದ್ದು ಒಂದು ತುದಿಯಲ್ಲಿ, ಅಯ್ಯನವರು ಇನ್ನೊಂದು ತುದಿಯಲ್ಲಿ, ಅವರ ಪಕ್ಕ ಅಮ್ಮನವರು. ಅಮ್ಮನವರ ಮಡಿಲಲ್ಲಿ ಚೀಲ, ಚೀಲದಲ್ಲಿ ಗಂಡನಿಗೆ ಬೇಯಿಸಿದ ಮೊಟ್ಟೆ. ಅಯ್ಯನವರು, "ಇವತ್ತು ಯಾವ ತೋಳು, ಕರುಣಾ? ಎಡಾನೋ ಬಲಾನೋ?" ಎಂದು ಏನಾದರೂ ಒಂದು ಮಾತಾಡಿಸುವರು. ಅಮ್ಮನವರು ರಸ್ತೆಯಾಚೆಯ ಗೋಡೆ ನೋಡುವರು. ವಾರದಿಂದ ವಾರಕ್ಕೆ ಅಯ್ಯನವರ ಅಂಗಿ ಸಡಿಲವಾಗುತ್ತ ಹೋಯಿತು. ಧ್ವನಿ ಉಡುಗಿತು. ಆ ಅಂಗಿಯ ಕಾಲರಿನೊಳಗೆ ಅವರ ಕತ್ತು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಒಂದು ದಿನ ಹೋಗಲಿಲ್ಲ. ಹೊಲಿಗೆ ಬಹಳ ಇದೆ ಎಂದು ದಾನಪ್ಪನಿಗೆ ಹೇಳಿದೆ. ಮರುದಿನವೂ ಹೋಗಲಿಲ್ಲ. ಮೂರನೆಯ ದಿನದಿಂದ ಕಾರಣ ಹುಡುಕುವುದನ್ನೂ ಬಿಟ್ಟೆ. ನಾನು ಎದುರಿಗೆ ಇರದಿದ್ದರೆ ಅಮ್ಮನವರಿಗೆ ಅಷ್ಟಾದರೂ ಸಮಾಧಾನ ಎಂದುಕೊಂಡೆ. ಇದಕ್ಕೂ ಪ್ರೀತಿ ಎಂದೇ ಹೆಸರಿಟ್ಟುಕೊಂಡೆ ನೋಡಿ, ಎಂಥ ಹೆಂಗಸು ನಾನು. ನಡುವೆ ಬಿಟ್ಟರೆ ಔಷಧ ಹತ್ತುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಮರೆತಿರಲಿಲ್ಲ. ಎಂಟನೆಯ ದಿನ ಮತ್ತೆ ರಕ್ತ ಬಂತು. ಶಾಂತಾ ಅದನ್ನು ಕಂಡು ಹೊರಗೆ ಓಡಿದಳು. ನಾನು ಮೂಲೆಯಲ್ಲಿ ಕೌದಿ ಹೊದ್ದು ಮಲಗಿದೆ. ಸಾಯುತ್ತೇನೆ ಎಂಬುದು ಖಾತ್ರಿಯಾಗಿತ್ತು, ಎದ್ದು ಹೋಗುವ ಧೈರ್ಯ ಮಾತ್ರ ಇರಲಿಲ್ಲ.

ಹನ್ನೊಂದನೆಯ ದಿನ, ಗಂಡ ಕೆಲಸಕ್ಕೆ ಹೋದ ಮೇಲೆ, ಬಾಗಿಲಲ್ಲಿ ನೆರಳು ಬಿತ್ತು. ಅಮ್ಮನವರು. ಕರೆಯದೆ ಒಳಗೆ ಬಂದು ಮಷೀನಿನ ಮುಂದಿನ ಸ್ಟೂಲಿನ ಮೇಲೆ ಕೂತರು. ನಾನು ಎದ್ದು ಕೂತು ಗೋಡೆಗೆ ಆತುಕೊಂಡು ಸೆರಗನ್ನು ಬಾಯಿಗೆ ಅಡ್ಡ ಹಿಡಿದೆ.

"ಹನ್ನೊಂದು ದಿನ ಆತು," ಎಂದರು.

"ಮೈಯಾಗ ಸರಿ ಇರಲಿಲ್ರಿ, ಅಮ್ಮಾರ."

"ಸುಳ್ಳು ಹೇಳಬ್ಯಾಡ. ನನ್ನ ಮುಖ ನೋಡಾಕ ಆಗದ ಬಿಟ್ಟಿ."

ಅವರು ಮಷೀನಿನ ಮೇಲಿದ್ದ ಅರ್ಧ ಹೊಲಿದ ತೋಳನ್ನು ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟರು.

"ಕೇಳು. ನಿನ್ನ ಮ್ಯಾಲ ನನಗ ಭಾಳ ಸಿಟ್ಟೈತಿ. ಪ್ರಾರ್ಥನಿ ಮಾಡೀನಿ, ಉಪಾಸ ಮಾಡೀನಿ, ಹೋಗವಲ್ದು. ದಿನಾ ಮುಂಜಾನಿ ಅವರ ಬೆನ್ನಿಗೆ ಎಣ್ಣಿ ಹಚ್ತೀನಲ್ಲ, ಎಲುಬು ಕೈಗೆ ಹತ್ತತಾವ. ಆಗ ಮತ್ತ ಬರ್ತೈತಿ."

"ಮೊದಲ ಹೇಳಿದ್ರ ನನ್ನ ದೂರ ಮಾಡ್ತೀರಿ ಅಂತ ಹೆದರಿದ್ನಿರಿ."

"ಮಾಡ್ತಿದ್ನೇನೋ. ಆ ಗ್ಯಾಂಗ್‌ಮನ್ ಮಗ್ಗಲು ನಾನೂ ಕುಂತಿಲ್ಲ. ಅದಕ್ಕ ನನ್ನ ಮ್ಯಾಲೂ ಸಿಟ್ಟೈತಿ ನನಗ." ಅವರು ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡರು. "ಸಿಟ್ಟು ಹೋದ ಮ್ಯಾಲ ಬಂದು ಕರಕೊಂಡು ಹೋದ್ರಾತು ಅಂತ ಇಷ್ಟು ದಿನ ಕಾದೆ. ಅದು ಹೋಗೋದ್ರಾಗ ನೀ ಸತ್ತು ಹೋಗ್ತಿ. ಏಳು. ಸೂಜಿ ಖೋಲಿ ಹನ್ನೆರಡಕ್ಕ ಮುಚ್ತಾರ."

ನಾನು ಏಳಲಿಲ್ಲ. ಅವರು ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ಮೆತ್ತಗೆ ಹಿಡಿದದ್ದಲ್ಲ, ನೋವಾಗುವ ಹಾಗೆ ಹಿಡಿದರು.

ಪ್ರೀತಿ ಎಂದರೆ ಮನಸ್ಸು ಮೊದಲು ಕರಗಬೇಕು, ಕೈ ಆಮೇಲೆ ಚಾಚಬೇಕು ಎಂದು ನಾನು ಮಕ್ಕಳಿಗೆ ಎಷ್ಟು ವರ್ಷ ಪಾಠ ಮಾಡಿದ್ದೆ. ಅಮ್ಮನವರ ಮನಸ್ಸು ಕರಗಿರಲಿಲ್ಲ. ಅವರು ಕಾಲೆಳೆದುಕೊಂಡು ಬಂದಿದ್ದರು, ಬಿಸಿಲಿನಲ್ಲಿ, ಹಲ್ಲು ಕಚ್ಚಿಕೊಂಡು. ಅವತ್ತು ರಸ್ತೆಯಲ್ಲಿ ನನಗಾದ ಹೆದರಿಕೆ ಹೇಳತೀರದು. ಗಿರಣಿಯವರ ಸೊಸೆ ಜಟಕಾದಿಂದ ನೋಡಿದಳು. ಸಭೆಯ ಇಬ್ಬರು ಹೆಂಗಸರು ಬಳೆ ಅಂಗಡಿಯ ಮುಂದೆ ನಿಂತು ಮಾತು ನಿಲ್ಲಿಸಿದರು. ಅವರಿಗೆ ಅರ್ಥವಾಯಿತು ಎಂದು ನನಗೆ ಅರ್ಥವಾಯಿತು. ಅಮ್ಮನವರು ನನ್ನ ರಟ್ಟೆ ಬಿಡಲಿಲ್ಲ.

ಅಲ್ಲಿಂದ ಮುಂದೆ ತಪ್ಪದೆ ಸೂಜಿ ಹಾಕಿಸಿಕೊಂಡೆ, ಒಂದೂವರೆ ವರ್ಷ ಮಾತ್ರೆಯನ್ನೂ ನುಂಗಿದೆ. ಅಯ್ಯನವರೂ ನುಂಗಿದರು. ಇಬ್ಬರೂ ಉಳಿದೆವು. ಕೆಲವರು ಕುಪ್ಪಸ ಕೊಡುವುದನ್ನು ಬಿಟ್ಟರು, ಕೆಲವರು ಬಿಡಲಿಲ್ಲ. ಅಮ್ಮನವರ ಸಿಟ್ಟು ಯಾವಾಗ ಹೋಯಿತೋ, ಪೂರ್ತಿ ಹೋಯಿತೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ಸೂಜಿ ಮುಗಿಯುವವರೆಗೆ ದಿನಾ ನಮ್ಮ ಬಾಗಿಲಿಗೆ ಬಂದರು ಎಂಬುದು ಮಾತ್ರ ಗೊತ್ತು.

ಅವತ್ತು ನಾವು ಆಸ್ಪತ್ರೆ ಮುಟ್ಟಿದಾಗ ಖೋಲಿ ಇನ್ನೂ ತೆರೆದಿತ್ತು. ಅಯ್ಯನವರು ಬೆಂಚಿನ ತುದಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ನಮ್ಮನ್ನು ಕಂಡು ಕೈ ಎತ್ತಿದರು. ನಾನು ಎಂದಿನಂತೆ ಇನ್ನೊಂದು ತುದಿಗೆ ಹೊರಟೆ. ಅಮ್ಮನವರು ನನ್ನನ್ನು ಎಳೆದು ನಡುವೆ ಕೂರಿಸಿ, ಪಕ್ಕಕ್ಕೆ ಒತ್ತಿ ತಾವು ಕೂತರು. ಮಡಿಲ ಚೀಲದಿಂದ ಒಂದು ಮೊಟ್ಟೆ ತೆಗೆದು ಗಂಡನಿಗೆ ಕೊಟ್ಟರು. ಇನ್ನೊಂದನ್ನು ತೆಗೆದು ಸುಲಿದರು, ಗೋಡೆಯನ್ನೇ ನೋಡುತ್ತ ನನ್ನ ಕೈಯಲ್ಲಿಟ್ಟರು.

"ತಿನ್ನು," ಎಂದರು, ಸಿಟ್ಟಿನಿಂದಲೇ.